ಸೊಲೊಮನ್ ಏನು ಹೇಳ್ತಿದ್ದ?

ಎಡ್ವರ್ಡ್ ಝ್ವಿಕ್ ನಿರ್ದೇಶಿಸಿದ ‘ಬ್ಲಡ್ ಡೈಮಂಡ್’ (೨೦೦೬) ಒಳ್ಳೆಯ ಉದ್ದೇಶದ ಚಿತ್ರ. ಅದರಲ್ಲಿ ನಮಗೆ ಅನುಮಾನವಿಲ್ಲ. ಸಿಯೆರಾ ಲಿಯೋನಿನಲ್ಲಿ ೧೯೯೧ರಿಂದ ೨೦೦೨ರವರೆಗೆ ನಡೆದ ಯುದ್ಧದಲ್ಲಿ ಬಂಡುಕೋರ ಪಡೆ ಬಡವರ ಕೈ ಕಡಿಯಿತು. ಹಿಡಿದು ತಂದವರಿಂದ ವಜ್ರ ತೋಡಿಸಿತು. ಆ ವಜ್ರ ಮಾರಿ ಬಂದೂಕು ಕೊಂಡಿತು. ಇಷ್ಟನ್ನು ದೊಡ್ಡ ಪರದೆಯ ಮೇಲೆ ತೋರಿಸೋದಕ್ಕೆ ಧೈರ್ಯ ಬೇಕು. ಆದರೆ ನಾವು ಕೇಳೋದು, ಈ ಕಥೆ ಯಾರದು?

ಸೊಲೊಮನ್ ವ್ಯಾಂಡಿ ಬಡ ಮೀನುಗಾರ. ಬೆವರು ಅವನದು, ಕಳಕೊಂಡ ಮಗ ಅವನವನು, ಕಲ್ಲು ಸಿಕ್ಕಿದ್ದೂ ಅವನಿಗೇ. ಆದರೂ ನಾಯಕ ಮಾತ್ರ ಬಿಳಿಯ ಕಳ್ಳಸಾಗಣೆಗಾರ ಆರ್ಚರ್. ಸಾಯುವಾಗ ಒಳ್ಳೆಯವನಾಗುವ ಭಾಗ್ಯವೂ ಅವನಿಗೇ! ಕರಿಯನ ಸಂಕಟ ಬಿಳಿಯನ ಉದ್ಧಾರಕ್ಕೆ ಮೆಟ್ಟಿಲಾಯಿತು.

ಕೊನೆಯ ದೃಶ್ಯ ನೋಡಿ. ಕಿಂಬರ್ಲಿಯ ಸಭೆ. ಸೊಲೊಮನ್ ಸಾಕ್ಷಿ ಹೇಳೋಕೆ ಬಂದಿದ್ದಾನೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೆ. ಅವನು ಬಾಯಿ ತೆರೆಯುವ ಮೊದಲೇ ಚಿತ್ರ ಮುಗಿಯುತ್ತೆ. ಆಮೇಲೆ ಪರದೆಯ ಮೇಲೆ ಬರುವ ಅಕ್ಷರಗಳು, ಯುದ್ಧದ ಸೋಂಕಿಲ್ಲದ ವಜ್ರವನ್ನೇ ಕೇಳಿ ಪಡೆಯುವ ಹೊಣೆಯನ್ನು ಗಿರಾಕಿಯ ಹೆಗಲಿಗೆ ಹಾಕ್ತವೆ.

ಈ ಮೌನ ನಿಜವಾದ ಕಿಂಬರ್ಲಿ ವ್ಯವಸ್ಥೆಯಲ್ಲೂ ಇದೆ. ೨೦೦೩ರಲ್ಲಿ ಜಾರಿಗೆ ಬಂದ ಅದರ ಪ್ರಕಾರ, ಸರ್ಕಾರದ ವಿರುದ್ಧ ದಂಗೆಯೆದ್ದವರ ಯುದ್ಧಕ್ಕೆ ಹಣವಾಗುವ ಕಚ್ಚಾ ವಜ್ರ ಮಾತ್ರ ರಕ್ತದ ವಜ್ರ. ಸರ್ಕಾರವೇ ಕೊಂದರೆ? ೨೦೦೮ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಹೊಟ್ಟೆಪಾಡಿಗೆ ವಜ್ರ ಅಗೆಯುತ್ತಿದ್ದವರ ಮೇಲೆ ಸೈನ್ಯ ಗುಂಡು ಹಾರಿಸಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ೨೦೧೧ರಲ್ಲಿ ಅಲ್ಲಿನ ವಜ್ರಕ್ಕೂ ರಫ್ತಿನ ಒಪ್ಪಿಗೆ ಸಿಕ್ತು. ಈ ವ್ಯವಸ್ಥೆ ಬರಲೆಂದು ಹೋರಾಡಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅದೇ ವರ್ಷ ಅದರಿಂದ ಹೊರಬಂತು.

ಇನ್ನು ಜಗತ್ತಿನ ಬಹುಪಾಲು ವಜ್ರಕ್ಕೆ ಸಾಣೆ ಹಿಡಿಯೋರು ನಮ್ಮದೇ ದೇಶದ ಸೂರತ್ತಿನ ಕೆಲಸಗಾರರು. ಕಿಂಬರ್ಲಿಯ ಸರ್ಟಿಫಿಕೇಟು ಕಚ್ಚಾ ಕಲ್ಲಿಗಷ್ಟೇ. ಸಾಣೆ ಹಿಡಿದವರ ಕೂಲಿ, ಆರೋಗ್ಯ ಅದಕ್ಕೆ ಬೇಕಿಲ್ಲ.

ಮಾರುವವರು, ಕೊಳ್ಳುವವರು ಸೇರಿ ಕಲ್ಲಿಗೆ ಮೈಲಿಗೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸೋದು ಮಡಿಯ ಮಾತು, ನ್ಯಾಯದ ಮಾತಲ್ಲ. ನ್ಯಾಯ ಬೇಕಿದ್ದರೆ ಅಗೆದವನ ಕೈಗೆ ಎಷ್ಟು ಬಂತು, ಆ ನೆಲದ ಮೇಲೆ ಅವನ ಹಕ್ಕೇನು ಅಂತ ಕೇಳಬೇಕು. ಕೇಳೋ ಮೇಜಿನ ಮುಂದೆ ಅವನೂ ಕೂತಿರಬೇಕು.

ಗೆಳೆಯರು ಈ ಚಿತ್ರವನ್ನು ಹಾಸ್ಟೆಲುಗಳಲ್ಲಿ, ಕಾಲೇಜುಗಳಲ್ಲಿ ತೋರಿಸಲಿ. ಚಪ್ಪಾಳೆ ನಿಂತ ಮೇಲೆ ಚರ್ಚೆ ಶುರುವಾಗಲಿ: ಸೊಲೊಮನ್‌ಗೆ ಮಾತಾಡೋಕೆ ಬಿಟ್ಟಿದ್ದರೆ ಏನು ಹೇಳ್ತಿದ್ದ?