ನಿಷ್ಠೆಯ ಹೊನ್ನಶೂಲ

ಡ್ಯೂಕ್ ಫಾಕಿರ್ 2024ರ ಜುಲೈನಲ್ಲಿ ತೀರಿಕೊಂಡಾಗ ಬಂದ ನುಡಿನಮನಗಳೆಲ್ಲ ಹೆಚ್ಚುಕಡಿಮೆ ಒಂದೇ ಪಲ್ಲವಿ ಹಾಡಿದವು. ಫೋರ್ ಟಾಪ್ಸ್ ಗಾಯನತಂಡದ ಕೊನೆಯ ಕೊಂಡಿ ಕಳಚಿತು. ಐವತ್ತರ ದಶಕದ ಡೆಟ್ರಾಯಿಟ್‌ನಲ್ಲಿ ಜತೆಗೂಡಿದ ನಾಲ್ವರು ಹುಡುಗರು 1997ರಲ್ಲಿ ಲಾರೆನ್ಸ್ ಪೇಟನ್ ಕಣ್ಣುಮುಚ್ಚುವವರೆಗೆ ಒಬ್ಬರನ್ನೊಬ್ಬರು ಬಿಡಲಿಲ್ಲ. ಎಂಥ ಗೆಳೆತನ, ಎಂಥ ನಿಷ್ಠೆ! ಸುಳ್ಳೇನೂ ಅಲ್ಲ. ಇವರು ಹಾಡಿದ ಮೋಟೌನ್ ರೆಕಾರ್ಡ್ ಕಂಪನಿಯದೇ ಆದ ಸುಪ್ರೀಮ್ಸ್ ತಂಡದಿಂದ 1967ರಲ್ಲಿ ಫ್ಲಾರೆನ್ಸ್ ಬಲಾರ್ಡ್ ಹೊರಬಿದ್ದರು, ಮರುವರ್ಷ ಟೆಂಪ್ಟೇಶನ್ಸ್ ತಂಡ ಡೇವಿಡ್ ರಫಿನ್ ಅವರಿಗೆ ಬಾಗಿಲು ತೋರಿಸಿತು. ಅಂಥವರ ಪಕ್ಕದಲ್ಲಿ ಟಾಪ್ಸ್ ಸಾಧುಸಂತರಂತೆ ಕಾಣುವುದು ಸಹಜ. ಆದರೆ ಈ ನಾಲ್ವರನ್ನು ಹೊಗಳಿಕೆಯ ಹೊನ್ನಶೂಲಕ್ಕೆ ಏರಿಸಿದವರು ಅವರ ಹಾಡನ್ನು ಕಿವಿಗೊಟ್ಟು ಕೇಳಿದ ಹಾಗಿಲ್ಲ.

ಕೇಳಿದರೆ ಮೊದಲ ಪೇಚು ಅಲ್ಲೇ ಎದುರಾಗುತ್ತದೆ. ರೆಕಾರ್ಡಿನಲ್ಲಿ ನಾಲ್ವರು ಸಿಗುವುದೇ ಇಲ್ಲ. ಢಾಳಾಗಿ ಸಿಗುವವರು ಲೀವೈ ಸ್ಟಬ್ಸ್ ಒಬ್ಬರೇ. ಫಾಕಿರ್, ಪೇಟನ್, ಓಬಿ ಬೆನ್ಸನ್ ಹಿಂದೆ ಇದ್ದಾರೆ ನಿಜ. ಆದರೆ ಅವರ ದನಿಗಳ ಮೇಲೆ ಮೂರು ಹೆಣ್ಣುದನಿಗಳು ಹರಡಿಕೊಂಡಿವೆ. ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೊ, ಲೂವೇನ್ ಡೆಂಪ್ಸ್. ಆಂಡಾಂಟೀಸ್ ಎಂದು ಕರೆಸಿಕೊಂಡ ಈ ಮೂವರು ಮೋಟೌನ್ ಸ್ಟುಡಿಯೊದ ಕಾಯಂ ಹಿನ್ನೆಲೆ ಗಾಯಕಿಯರು. ಟಾಪ್ಸ್‌ಗೆ ಹೆಸರು ತಂದ ಬಹುಪಾಲು ಹಾಡುಗಳಲ್ಲಿ ಅವರಿದ್ದಾರೆ, ಲೇಬಲ್ ಮೇಲೆ ಎಲ್ಲೂ ಇಲ್ಲ.

ಇದರಲ್ಲಿ ನಷ್ಟವಾದದ್ದು ಗಾಯಕಿಯರಿಗಷ್ಟೇ ಅಲ್ಲ. 1963ರಲ್ಲಿ ಮೋಟೌನ್ ಸೇರುವ ಹೊತ್ತಿಗೆ ಟಾಪ್ಸ್ ಹತ್ತು ವರ್ಷ ನೈಟ್‌ಕ್ಲಬ್ಬುಗಳಲ್ಲಿ ಪಳಗಿದ್ದರು. ಚೆಸ್, ಕೊಲಂಬಿಯಾ ಕಂಪನಿಗಳಿಗೆ ಹಾಡಿ ಕೈ ಸುಟ್ಟುಕೊಂಡಿದ್ದರು. ನಾಲ್ಕು ದನಿಗಳನ್ನು ಜಾಝ್ ಜಾಡಿನಲ್ಲಿ ಹೆಣೆಯುವುದು ಅವರ ಕಸುಬು, ಆ ಹೆಣಿಗೆಯ ಮೇಸ್ತ್ರಿ ಪೇಟನ್. ಮೋಟೌನ್‌ಗಾಗಿ ಮೊದಲು ಮಾಡಿದ್ದೂ ಅಂಥದೇ ಆಲ್ಬಮ್, ‘ಬ್ರೇಕಿಂಗ್ ಥ್ರೂ’. ಕಂಪನಿ ಅದನ್ನು ಅಟ್ಟಕ್ಕೆ ಹಾಕಿತು. ಹೊರಬಂದದ್ದು 1999ರಲ್ಲಿ, ಪೇಟನ್ ತೀರಿಕೊಂಡ ಎರಡು ವರ್ಷಕ್ಕೆ.

ಆಮೇಲೆ ಬಂದರು ಮೋಟೌನ್‌ನ ಹಾಡು ಬರೆದು ನಿರ್ಮಿಸುವ ತಂಡ, ಹಾಲಂಡ್-ಡೋಜಿಯರ್-ಹಾಲಂಡ್. ಈ ಮೂವರು ಹಾಡುಗಾರಿಕೆಯ ಲೆಕ್ಕವನ್ನೇ ಬದಲಿಸಿದರು. ಸ್ಟಬ್ಸ್ ಅವರದು ಬ್ಯಾರಿಟೋನ್, ನಡುಸ್ಥಾಯಿಯ ಗಡಸು ಕಂಠ. ಬೇಕೆಂದೇ ಅವರ ಶ್ರುತಿಯನ್ನು ಕಂಠದ ತುತ್ತತುದಿಗೆ ಏರಿಸಿ ಇಟ್ಟರು. ದನಿ ಆರಾಮಾಗಿ ಕೂರಬಾರದು, ಎಟುಕದ್ದಕ್ಕೆ ಕೈಚಾಚುತ್ತಿರಬೇಕು. ‘ರೀಚ್ ಔಟ್ ಐ ವಿಲ್ ಬಿ ದೇರ್’ನಲ್ಲಿ ಸ್ಟಬ್ಸ್ ಹಾಡುವುದಕ್ಕಿಂತ ಹೆಚ್ಚಾಗಿ ಕೂಗಿ ಹೇಳುತ್ತಾರೆ. ಬಾಬ್ ಡಿಲನ್ ಹಾಡುವ ರೀತಿ ಮನಸ್ಸಿನಲ್ಲಿತ್ತೆಂದು ಲಾಮಾಂಟ್ ಡೋಜಿಯರ್ ಹೇಳಿಕೊಂಡದ್ದುಂಟು. ತಂಡದವರಿಗೆ ಅದು ಬರೀ ಪ್ರಯೋಗವಾಗಿ ಕಂಡು, ಬಿಡುಗಡೆ ಮಾಡಬೇಡಿ ಎಂದರೆಂದು ಫಾಕಿರ್ ನೆನೆಸಿಕೊಂಡಿದ್ದಾರೆ. 1966ರಲ್ಲಿ ಅಮೆರಿಕ, ಬ್ರಿಟನ್ ಎರಡರಲ್ಲೂ ಅದೇ ಮೊದಲ ಸ್ಥಾನಕ್ಕೇರಿತು.

ಇಲ್ಲಿ ಅಮೆರಿಕದ ದಕ್ಷಿಣ ಸೀಮೆಯ ಸೋಲ್ ಸಂಗೀತದ ಪಕ್ಷಪಾತಿಗಳೊಡನೆ ಒಂದು ತಕರಾರು ಅನಿವಾರ್ಯ. 1986ರ ‘ಸ್ವೀಟ್ ಸೋಲ್ ಮ್ಯೂಸಿಕ್’ ಪುಸ್ತಕದಲ್ಲಿ ಪೀಟರ್ ಗುರಾಲ್ನಿಕ್ ಸೋಲ್ ಸಂಗೀತದ ಸೀಮೆಯನ್ನು ಮೆಂಫಿಸ್, ಮೇಕನ್, ಮಸಲ್ ಶೋಲ್ಸ್ ಸುತ್ತ ಗುರುತಿಸಿ, ಮೋಟೌನನ್ನು ಗಡಿಯಾಚೆ ಇರಿಸಿದರು. ಪುಸ್ತಕ ಸೊಗಸಾಗಿದೆ, ಅದರ ಹಿಂದೆ ಹುಟ್ಟಿಕೊಂಡ ಅಭಿರುಚಿ ಮಾತ್ರ ಕಾಟ ಕೊಡುತ್ತದೆ. ಚರ್ಚಿನಿಂದ ಬಂದ ಕೂಗು ಅಸಲಿ, ಡೆಟ್ರಾಯಿಟ್ ಕಾರ್ಖಾನೆಯಲ್ಲಿ ತಯಾರಾದದ್ದು ಬಿಳಿಯರಿಗೆ ಮಾರಲು ಮಾಡಿದ ಸರಕು ಎಂಬುದು ಆ ಪಂಥದ ನಂಬಿಕೆ. ಇವರಿಗೆ ಸ್ಟಬ್ಸ್ ನುಂಗಲಾರದ ತುತ್ತು, ಯಾಕೆಂದರೆ ಪಾದ್ರಿಯ ಬೋಧನೆಯ ಬಿಸಿಯೆಲ್ಲ ಆ ದನಿಯಲ್ಲಿದೆ. ಹಾಗಾಗಿ ಅವರನ್ನು ಮೋಟೌನ್‌ನೊಳಗಿನ ಅಪವಾದ ಎಂದು ಕರೆದು ಪಾರಾಗುತ್ತಾರೆ. ಅದು ಶುದ್ಧ ಅಪ್ರಾಮಾಣಿಕತೆ. ಆ ಆರ್ತತೆ ಹುಟ್ಟಿದ್ದೇ ಶ್ರುತಿ ಏರಿಸಿದವರ ಲೆಕ್ಕಾಚಾರದಿಂದ.

1967ರ ‘ಬರ್ನಡೆಟ್’ ಇದಕ್ಕೆ ಸಾಕ್ಷಿ. ಪ್ರೇಮಿ ಹೆಸರು ಹಿಡಿದು ಕರೆಯುತ್ತಾನೆ. ಮೊದಲು ಹೆಮ್ಮೆ: ಲೋಕ ಹುಡುಕುತ್ತಿರುವುದು ತನಗೆ ಸಿಕ್ಕಿದೆ. ಹೆಮ್ಮೆ ಬಹುಬೇಗ ಗುಮಾನಿಗೆ ಹೊರಳುತ್ತದೆ: ಗೆಳೆಯರೆನಿಸಿಕೊಂಡವರ ಕಣ್ಣೂ ಅವಳ ಮೇಲೇ. ಪ್ರೇಮಗೀತೆ ಎಂದು ರೇಡಿಯೊದಲ್ಲಿ ಮೊಳಗಿದ ಈ ಹಾಡಿನ ಒಡಲಲ್ಲಿ ಇರುವುದೆಲ್ಲ ಭಯ. ಕೆಳಗೆ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಒಂದು ಕಡೆ ನಿಲ್ಲದೆ ಚಡಪಡಿಸುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ ವಾದ್ಯಗಳು ತಟ್ಟನೆ ನಿಲ್ಲುತ್ತವೆ. ಹಿನ್ನೆಲೆಯ ದನಿಗಳು ಒಂದು ಸ್ವರಮೇಳವನ್ನು ಹಿಡಿದು ನಿಂತು, ಬಿಡುತ್ತವೆ. ಆಮೇಲೆ ಏನೂ ಇಲ್ಲ. ಆ ಖಾಲಿಯೊಳಕ್ಕೆ ಸ್ಟಬ್ಸ್ ಒಬ್ಬರೇ, ತಾಳದ ಆಸರೆಯಿಲ್ಲದೆ, ಅದೇ ಹೆಸರು ಕೂಗುತ್ತಾರೆ. ಮರುಕ್ಷಣ ವಾದ್ಯ, ಮೇಳ ಎಲ್ಲವೂ ಧುಮುಕುತ್ತವೆ.

ಇದು ಕೇಳುಗರನ್ನು ಬೆಚ್ಚಿಬೀಳಿಸುವ ಗಿಮಿಕ್ ಎನ್ನುವವರಿದ್ದಾರೆ. ಗಿಮಿಕ್ಕೇ ಆಗಿದ್ದರೆ ಎರಡನೇ ಸಲಕ್ಕೆ ಸವೆದುಹೋಗಬೇಕಿತ್ತು. ಬರ್ನಡೆಟ್ ಎಂಬವಳು ಹಾಡಿನಲ್ಲಿ ಒಂದು ಮಾತೂ ಆಡುವುದಿಲ್ಲ. ಹೆಣ್ಣಿನ ಇರುವಿಕೆ ಎಂದು ಅಲ್ಲಿರುವುದು ಮೇಲುಸ್ಥಾಯಿಯಲ್ಲಿ ಅವನನ್ನು ಸುತ್ತುವರಿದ ಆಂಡಾಂಟೀಸ್ ದನಿ ಮಾತ್ರ. ಅವನು ಎಷ್ಟು ಆರ್ಭಟಿಸಿದರೂ ಆ ದನಿಗಳು ನಯವಾಗಿ, ಉದ್ವೇಗವಿಲ್ಲದೆ, ತಮ್ಮ ಪಾಡಿಗೆ ತಾವು ಸಾಗುತ್ತವೆ. ಅವೂ ಕೈಬಿಟ್ಟಾಗ ಅವನು ಇಷ್ಟು ಹೊತ್ತು ಹೆದರಿದ್ದು ಕಿವಿಗೇ ಬಡಿಯುತ್ತದೆ: ಅವಳು ಇಲ್ಲ. ಕೊನೆಯ ಕೂಗಿನಲ್ಲಿ ಸ್ಟಬ್ಸ್ ಹೊಸದೇನನ್ನೂ ಮಾಡುವುದಿಲ್ಲ. ಹಾಡಿನುದ್ದಕ್ಕೂ ಕರೆದ ಹೆಸರನ್ನೇ ಕರೆಯುತ್ತಾರೆ. ಅದನ್ನು ಕರುಳಿಗೆ ತಾಗಿಸುವುದು ಅದಕ್ಕೆ ಮುಂಚಿನ ಸ್ವರಮೇಳ, ಆ ಮೇಳದ ನಿಲುಗಡೆ. ಪೇಟನ್, ಫಾಕಿರ್, ಬೆನ್ಸನ್ ಆ ಮೇಳದೊಳಗೆ ಎಲ್ಲಿದ್ದಾರೆಂದು ಹುಡುಕಿದರೆ ಬೇರೆಬೇರೆಯಾಗಿ ಸಿಗುವುದಿಲ್ಲ. ಹೆಸರಾಂತ ಗಾಯನತಂಡದ ಮುಕ್ಕಾಲು ಪಾಲು ತನ್ನ ಅತ್ಯುತ್ತಮ ಹಾಡಿನಲ್ಲೇ ಕರಗಿಹೋಗಿದೆ!

  

ನಿಷ್ಠೆಯ ಕತೆಗೆ ಮರಳಿದರೆ, ಅದರಲ್ಲಿ ಯಾರೂ ಒತ್ತಿ ಹೇಳದ ಒಂದು ಪುಟವಿದೆ. 1969ರಲ್ಲಿ ಬರ್ಕ್ಲಿಯಲ್ಲಿ ಪೊಲೀಸರು ಯುವಕರ ಮೇಲೆ ಮುಗಿಬಿದ್ದದ್ದನ್ನು ಕಣ್ಣಾರೆ ಕಂಡ ಬೆನ್ಸನ್ ಒಂದು ಹಾಡಿನ ಮೊಳಕೆ ಹೊತ್ತು ಮರಳಿದರು. ಅದನ್ನು ಬರೆಯಲು ಗೀತಕಾರ ಆಲ್ ಕ್ಲೀವ್‌ಲ್ಯಾಂಡ್ ಕೈಜೋಡಿಸಿದರು. ಪ್ರತಿಭಟನೆಯ ಹಾಡು ನಮಗೆ ಬೇಡ ಎಂದು ತಂಡದ ಗೆಳೆಯರೇ ತಳ್ಳಿಹಾಕಿದರು. ಅದು ಮಾರ್ವಿನ್ ಗೇ ಕೈಸೇರಿ, ಅವರೂ ತಮ್ಮ ಪಾಲು ಬೆರೆಸಿ, 1971ರಲ್ಲಿ ‘ವಾಟ್ಸ್ ಗೋಯಿಂಗ್ ಆನ್’ ಆಗಿ ಬಂತು. ಒಗ್ಗಟ್ಟನ್ನು ಕೊಂಡಾಡುವವರು ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸ್ಟಬ್ಸ್ ಅವರ ದೊಡ್ಡತನವನ್ನು ಅಲ್ಲಗಳೆಯುವಂತಿಲ್ಲ. ತಮ್ಮ ಹೆಸರನ್ನು ತಂಡದ ಹೆಸರಿನ ಮುಂದೆ ಹಾಕಿಸಿಕೊಳ್ಳಲು ಅವರು ಒಪ್ಪಲೇ ಇಲ್ಲ. ಆದರೂ ನಾಲ್ವರ ತಂಡವನ್ನು ನಾಲ್ವರಾಗಿ ಕೇಳಬೇಕೆಂದರೆ ಜನಪ್ರಿಯ ಹಾಡುಗಳ ಸಂಕಲನ ಬಿಟ್ಟು, ಹಾಲಂಡ್ ಸೋದರರು ಮತ್ತು ಡೋಜಿಯರ್ ಮೋಟೌನ್ ತೊರೆದ ಮೇಲೆ ಫ್ರಾಂಕ್ ವಿಲ್ಸನ್ ರೂಪಿಸಿದ 1970ರ ‘ಸ್ಟಿಲ್ ವಾಟರ್ಸ್ ರನ್ ಡೀಪ್’ ಆಲ್ಬಮ್ ತೆಗೆದುಕೊಳ್ಳಬೇಕು. ಅಲ್ಲಿ ಶ್ರುತಿ ಇಳಿದಿದೆ. ಸ್ಟಬ್ಸ್ ಕೂಗಾಡುವುದಿಲ್ಲ. ಗಂಡುದನಿಗಳು ಒಂದಕ್ಕೊಂದು ಒರಗಿಕೊಂಡು ಹಾಡಲು ಜಾಗ ಸಿಕ್ಕಿದೆ. ಸಪ್ಪೆ ಎಂದು ವಿಮರ್ಶಕರು ಮೂಗುಮುರಿಯುವ ಈ ಘಟ್ಟದಲ್ಲೇ, ನೈಟ್‌ಕ್ಲಬ್ ದಿನಗಳ ಪೇಟನ್ ಹೆಣಿಗೆಯ ಎಳೆ ಮತ್ತೆ ಕಿವಿಗೆ ಸಿಗುತ್ತದೆ.