ಬಚ್ಚಲುಮನೆಯ ದೋಷವೂ ದುರಸ್ತಿಯೂ

ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿ ಈಚೆಗೆ ಕಟ್ಟಲ್ಪಡುತ್ತಿರುವ ಬಚ್ಚಲುಮನೆಗಳನ್ನು ಒಂದು ಕೃತಿಯೆಂದು ಭಾವಿಸಿ ವಿಮರ್ಶಿಸಹೊರಟವನಿಗೆ ಮೊದಲು ಎದುರಾಗುವ ತೊಡಕೆಂದರೆ, ಅವುಗಳ ಗುಣವಾಗಲಿ ದೋಷವಾಗಲಿ ಕಣ್ಣಿಗೆ ಬೀಳುವ ಎಡೆಯಲ್ಲಿ ಇಲ್ಲದಿರುವುದು. ಹೊಳೆಯುವ ಟೈಲ್ಸು, ಗಾಜಿನ ತಡಿಕೆ, ನೆತ್ತಿಯ ಮೇಲಿನ ಷವರು ಇವೆಲ್ಲ ನಿರ್ದುಷ್ಟವಾಗಿಯೇ ತೋರುತ್ತಿರುವಾಗ, ವರುಷವೆರಡು ವರುಷ ಕಳೆಯುವುದರೊಳಗಾಗಿ ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಉಬ್ಬಿ, ಬಿಳಿಯ ಉಪ್ಪು ಹೊರಹೊಮ್ಮಿ, ಕೆಳಗಿನ ಮನೆಯವರು ತಮ್ಮ ಸೂರು ತೊಟ್ಟಿಕ್ಕುತ್ತಿರುವುದನ್ನು ಹೇಳಲು ಬಂದಾಗ ಮಾತ್ರವೇ ಒಳಗಿನ ಅವಸ್ಥೆ ಪ್ರಕಟವಾಗುತ್ತದೆ. ಆಗ ಸುತ್ತಿಗೆ ಚಾಣ ಹಿಡಿದು ಬರುವ ಟೈಲ್ಸ್ ಕೆಲಸಗಾರನೇ ಆ ಕೃತಿಯ ನಿಜವಾದ ವಿಮರ್ಶಕನೆಂದು ನಾನು ನಂಬುತ್ತೇನೆ. ಏಕೆಂದರೆ, ಕಟ್ಟಿದ ಕ್ರಮವನ್ನು ಹಿಂದುಮುಂದಾಗಿ ಪದರ ಪದರವಾಗಿ ಓದಬಲ್ಲವನು ಅವನೊಬ್ಬನೆ.

ದೋಷದ ಬೇರು ನಮ್ಮ ಸ್ನಾನದ ರೀತಿ ಬದಲಾದುದರಲ್ಲಿಯೂ ಉಂಟು. ಹಂಡೆ, ತಂಬಿಗೆಗಳ ಕಾಲದಲ್ಲಿ ಕುಳಿತು ಮೀಯುವವನ ಮೈಮೇಲಿನ ನೀರು ಕಲ್ಲುಚಪ್ಪಡಿಗೆ ಬಿದ್ದು, ಅದರ ವಾಟವನ್ನನುಸರಿಸಿ ಹಿತ್ತಲಿನ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಅಷ್ಟಿಷ್ಟು ಇಂಗಿದರೂ ಕೆಳಗಿದ್ದುದು ಭೂಮಿಯೇ ಆದುದರಿಂದ ಯಾರಿಗೂ ಬಾಧಕವಿರಲಿಲ್ಲ. ಷವರು ಬಂದ ಮೇಲಾದರೋ, ನಿಂತವನ ತಲೆಯೆತ್ತರದವರೆಗೂ ಗೋಡೆ ದಿನವೂ ತೋಯತೊಡಗಿತು. ಆದರೂ ನೀರುನಿರೋಧಕ ಲೇಪವನ್ನು ಗೋಡೆಯ ಮೇಲೆ ಅಡಿಯೊಂದರಷ್ಟು ಮಾತ್ರ ಏರಿಸಿ ನಿಲ್ಲಿಸುವ, ತಂಬಿಗೆಯ ಸ್ನಾನಕ್ಕೆ ಸಾಕಾಗಿದ್ದ ವಾಡಿಕೆಯು ಇಂದಿಗೂ ಅನೇಕ ಕಟ್ಟಡಗಳಲ್ಲಿ ಮುಂದುವರಿದಿದೆ. ಟೈಲ್ಸೂ ಅದರ ಸಂದಿನ ಗ್ರೌಟೂ ನೀರನ್ನು ತಡೆಯುತ್ತವೆಂಬ ತಪ್ಪು ಕಲ್ಪನೆ ಇದಕ್ಕೆ ಆಸರೆಯಾಗಿದೆ. ವಸ್ತುತಃ ಸಿಮೆಂಟಿನ ಗ್ರೌಟು ನೀರನ್ನು ಹೀರಿಕೊಳ್ಳತಕ್ಕ ಪದಾರ್ಥ; ತಡೆಯತಕ್ಕುದು ಟೈಲ್ಸಿನ ಹಿಂದಿನ ಲೇಪವೇ ಹೊರತು ಟೈಲ್ಸಲ್ಲ.

ದುರಸ್ತಿಗೆ ಬಂದ ಒಳ್ಳೆಯ ಕೆಲಸಗಾರನು ಮೊದಲು ಒಡೆಯುವುದಿಲ್ಲ, ತಟ್ಟುತ್ತಾನೆ. ಕರಣೆಯ ಹಿಡಿಯಿಂದಲೋ ನಾಣ್ಯದಿಂದಲೋ ಒಂದೊಂದು ಟೈಲ್ಸನ್ನೂ ಮೆಲ್ಲಗೆ ತಟ್ಟುತ್ತ, ಗಟ್ಟಿಯಾದ ಸದ್ದೆಲ್ಲಿ ಟೊಳ್ಳಾಯಿತೆಂಬುದನ್ನು ಪೆನ್ಸಿಲಿನಿಂದ ಗುರುತಿಸಿಕೊಂಡು ಹೋಗುತ್ತಾನೆ. ಷವರಿನ ಕೆಳಗಿನ ಗೋಡೆಯಲ್ಲಿ ಮೊದಲನೆಯ ಟೈಲ್ಸು ಕಳಚಿ ಬಂದಾಗ ಅದರ ಬೆನ್ನಿನಲ್ಲಿ ನಾಲ್ಕು ಮೂಲೆಗೊಂದೊಂದು, ನಡುವೆ ಒಂದು, ಹೀಗೆ ಐದು ಅಂಟಿನ ಮುದ್ದೆಗಳು ಮಾತ್ರವಿದ್ದು, ಮಿಕ್ಕ ಭಾಗವೆಲ್ಲ ಕಾರ್ಖಾನೆಯಿಂದ ಬಂದಂತೆಯೇ ಬತ್ತಲೆಯಾಗಿರುವುದು ಈ ಕಸಬಿನವರಿಗೆ ಚಿರಪರಿಚಿತವಾದ ದೃಶ್ಯ. ಹಲ್ಲುಕರಣೆಯಿಂದ ಅಂಟನ್ನು ಸಮನಾಗಿ ಎಳೆಯುವುದಕ್ಕಿಂತ ಮುದ್ದೆಯಿಟ್ಟು ಒತ್ತುವುದು ಶೀಘ್ರ. ಗೋಡೆ ಸೊಟ್ಟಗಿದ್ದರೂ ಟೈಲ್ಸು ನೆಟ್ಟಗೆ ನಿಲ್ಲುತ್ತದೆ. ಆದರೆ ಮುದ್ದೆಗಳ ನಡುವಿನ ಪೊಳ್ಳು, ಸಂದಿನಿಂದ ಇಳಿದ ನೀರಿಗೆ ಶೇಖರಣೆಯ ತಾಣವಾಗುತ್ತದೆ. ನೀರು ಬೀಳುವ ಎಡೆಯಲ್ಲಿ ಟೈಲ್ಸಿನ ಬೆನ್ನು ಶೇಕಡ 95ರಷ್ಟಾದರೂ ಅಂಟಿಗೆ ತಗುಲಿರಬೇಕೆಂದು ಅಮೆರಿಕದ ಮಾನಕವು ವಿಧಿಸುವುದು ಈ ಕಾರಣದಿಂದಲೇ. ಇನ್ನು ವಿಟ್ರಿಫೈಡ್ ಟೈಲ್ಸನ್ನು ಬರಿಯ ಸಿಮೆಂಟು ಹಾಲಿನಿಂದ ಕೂರಿಸಿದ್ದರೆ ಅದು ಇಡಿಯಾಗಿಯೇ ಎದ್ದುಬರುವುದೂ ಉಂಟು; ಏಕೆಂದರೆ, ಶೇಕಡ 0.5ಕ್ಕಿಂತಲೂ ಕಡಿಮೆ ನೀರನ್ನು ಹೀರುವ ಆ ಬೆನ್ನಿನಲ್ಲಿ ಸಿಮೆಂಟು ಕಚ್ಚಿಕೊಳ್ಳುವುದಕ್ಕೆ ರಂಧ್ರವೇ ಇಲ್ಲ. ಅಂಟಿಗೆಂದೇ ಐಎಸ್ 15477 ಎಂಬ ಭಾರತೀಯ ಮಾನಕವು ಬಹುಕಾಲದಿಂದ ಇದ್ದು 2019ರಲ್ಲಿ ಪರಿಷ್ಕೃತವಾಗಿದ್ದರೂ, ಚೀಲದ ಮೇಲೆ ಅಚ್ಚಾಗಿರುವ ಆ ಅಂಕೆಯನ್ನು ಓದಿ ಕೊಳ್ಳುವವರು ವಿರಳ.

ಗೋಡೆಯಿಂದ ನೆಲಕ್ಕಿಳಿದರೆ ಪರಸ್ಪರ ಅರಿಯದ ಕೈಗಳ ಕುರುಹುಗಳು ಕಾಣುತ್ತವೆ. ಲೇಪದವನು ಬಳಿದು ಹೋದ ಮರುದಿನ ಕೊಳಾಯಿಯವನು ಬಂದು ಕೊಳವೆಗಾಗಿ ಅದನ್ನೇ ಚಾಣದಿಂದ ಸೀಳಿರುತ್ತಾನೆ. ಬಚ್ಚಲ ನೀರು ಇಳಿದುಹೋಗುವ ನಹಾನಿ ಟ್ರ್ಯಾಪಿನ ಕಂಠಕ್ಕೂ ಕಾಂಕ್ರೀಟಿಗೂ ನಡುವಿನ ಬಿರುಕನ್ನು, ಸೋರಿಕೆಗೆ ಅದು ಹೆದ್ದಾರಿಯಾಗಿದ್ದರೂ, ಇಬ್ಬರೂ ತಮ್ಮದಲ್ಲವೆಂದು ಬಿಟ್ಟಿರುತ್ತಾರೆ. ಕೊಳವೆಗಳಿಗಾಗಿ ತಗ್ಗಿಸಿದ ಸಂಕನ್ ಸ್ಲ್ಯಾಬಿನ ಗುಂಡಿಯನ್ನು ಒಡೆದ ಇಟ್ಟಿಗೆ, ಕಟ್ಟಡದ ಕಸಗಳಿಂದ ತುಂಬಿರುವುದರಿಂದ, ಇಳಿದ ನೀರು ಅಲ್ಲಿಯೇ ತಿಂಗಳುಗಟ್ಟಲೆ ನಿಂತು ಕಪ್ಪಾಗಿ ನಾರುತ್ತಿರುತ್ತದೆ. ಅದನ್ನು ಹೊರಹಾಕಲೆಂದು ಇಡತಕ್ಕ ಸಣ್ಣ ಕೊಳವೆಯೇ ಇರುವುದಿಲ್ಲ, ಇದ್ದರೂ ಗಾರೆ ತುಂಬಿ ಮುಚ್ಚಿರುತ್ತದೆ.

ವಾಟದ ವಿಷಯದಲ್ಲಿ ನನ್ನ ಆಕ್ಷೇಪಣೆ ಕೆಲಸಗಾರನಿಗಿಂತ ಮನೆಯ ಯಜಮಾನನ ಅಭಿರುಚಿಯ ಮೇಲೆಯೇ ಹೆಚ್ಚು. ಎಂಬತ್ತಕ್ಕೆ ಒಂದರ ಇಳಿಜಾರಿನಂತೆ ಐದಡಿ ಉದ್ದಕ್ಕೆ ಮುಕ್ಕಾಲು ಇಂಚು ಇಳಿಸಬೇಕಾದುದು ಕಷ್ಟವಾದ ಕಾರ್ಯವೇನಲ್ಲ. ಆದರೆ ನಾಲ್ಕು ಕಡೆಯಿಂದ ಒಂದು ಬಿಂದುವಿಗೆ ಇಳಿಯಬೇಕಾದ ನೆಲಕ್ಕೆ ಎರಡಡಿ ನಾಲ್ಕಡಿಯ ಟೈಲ್ಸನ್ನು ಬಯಸಿದರೆ, ಬಾಗದ ಆ ಹಲಗೆಯನ್ನು ಕತ್ತರಿಸಲು ಒಪ್ಪದ ಯಜಮಾನನಿಗಾಗಿ ಮೇಸ್ತ್ರಿಯು ವಾಟವನ್ನೇ ಕಳೆದುಬಿಡುತ್ತಾನೆ. ಅಂಥಲ್ಲಿ ಒಂದೇ ದಿಕ್ಕಿಗೆ ಇಳಿಜಾರು ಸಾಕಾಗುವಂತೆ ಗೋಡೆಯುದ್ದಕ್ಕೂ ಪಟ್ಟಿಯಂಥ ಜಾಲರಿಯನ್ನು ಇಡಬಹುದು, ಅಥವಾ ಸಣ್ಣ ಟೈಲ್ಸಿಗೆ ಒಪ್ಪಬಹುದು. ಇವೆರಡಕ್ಕೂ ಮನಸ್ಸು ಮಾಡದವನು, ಸ್ನಾನದ ಅನಂತರ ನಿಂತ ನೀರನ್ನು ದಿನವೂ ತಳ್ಳುತ್ತಿರಬೇಕಾಗುವುದು.

ದುರಸ್ತಿಯ ಮಾರ್ಗಗಳೆಲ್ಲವೂ ಸಮಾನ ಯೋಗ್ಯತೆಯವಲ್ಲ. ಸಂದುಗಳನ್ನು ಕೆರೆದು ಎಪಾಕ್ಸಿ ಗ್ರೌಟು ತುಂಬುವುದು, ಟೈಲ್ಸಿನ ಮೇಲೆ ಪಾರದರ್ಶಕ ದ್ರವ ಬಳಿಯುವುದು, ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಅಂಟಿಸುವುದು ಇವು ಬೇಗನೆ, ಹೆಚ್ಚು ಧೂಳಿಲ್ಲದೆ ಮುಗಿಯುತ್ತವೆಯಾದ್ದರಿಂದ ಜನಪ್ರಿಯವಾಗಿವೆ. ಒಳಗಿನ ಲೇಪ ಗಟ್ಟಿಯಾಗಿದ್ದು ಸಂದು ಮಾತ್ರ ಸವೆದಿದ್ದರೆ ಮೊದಲನೆಯದು ಯುಕ್ತವೇ. ಆದರೆ ಲೇಪವೇ ಹರಿದಿರುವಲ್ಲಿ ಇವೆಲ್ಲ ನೀರನ್ನು ಒಳಗೇ ಕೂಡಿಹಾಕುವ ಉಪಾಯಗಳು. ಸ್ಲ್ಯಾಬು ಕಾಣುವವರೆಗೆ ಒಡೆದು, ಒಣಗಿಸಿ, ಮೂಲೆಗಳನ್ನು ಗಾರೆಯಿಂದ ದುಂಡಗೆ ತಿದ್ದಿ, ಟ್ರ್ಯಾಪಿನ ಸುತ್ತ ಬಟ್ಟೆ ಹೊದಿಸಿ ಲೇಪವನ್ನು ಷವರಿನ ಎತ್ತರಕ್ಕೂ ಏರಿಸಿ, ಟ್ರ್ಯಾಪಿನ ಬಾಯಿ ಮುಚ್ಚಿ ಒಂದು ದಿನವಾದರೂ ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸಿಗೆ ಕೈಹಾಕುವವನ ಕೆಲಸವನ್ನು ಮಾತ್ರ ನಾನು ದುರಸ್ತಿಯೆಂದು ಕರೆಯಬಲ್ಲೆನು. ಅಂಥವನು ಗೋಡೆ ನೆಲ ಕೂಡುವ ಮೂಲೆಯ ಸಂದಿಗೆ ಗ್ರೌಟು ತುಂಬುವುದಿಲ್ಲ. ಅಲ್ಲಿ ಎರಡೂ ಬೇರೆ ಬೇರೆಯಾಗಿ ಚಲಿಸುವುದನ್ನರಿತು ಸಿಲಿಕೋನನ್ನು ಎಳೆಯುತ್ತಾನೆ.

ಮನೆ ಹೊಸದಾಗಿದ್ದರೆ ಇಂಥ ದುರಸ್ತಿಯ ಹೊಣೆ ನಿರ್ಮಾಪಕನದೇ: ಸ್ವಾಧೀನ ಪಡೆದ 5 ವರ್ಷಗಳೊಳಗೆ ತಿಳಿಸಲಾದ ಕಾಮಗಾರಿಯ ದೋಷವನ್ನು ಶುಲ್ಕವಿಲ್ಲದೆ 30 ದಿನಗಳಲ್ಲಿ ಸರಿಪಡಿಸಿಕೊಡಬೇಕೆಂದು ರೇರಾ ಎಂದು ಪ್ರಸಿದ್ಧವಾದ 2016ರ ಅಧಿನಿಯಮದ 14ನೆಯ ಕಲಮು ನಿರ್ಮಾಪಕನಿಗೆ ವಿಧಿಸುತ್ತದೆ. ಈ ಹಕ್ಕನ್ನು ಚಲಾಯಿಸುವವರು ಗ್ರೌಟಿನ ಮರುಪೂರಣದಿಂದ ತೃಪ್ತರಾಗದೆ, ನೀರು ನಿಲ್ಲಿಸುವ ಪರೀಕ್ಷೆಯನ್ನು ತಮ್ಮೆದುರಿಗೇ ಮಾಡಿಸಬೇಕು. ಶ್ರೇಷ್ಠರಾದ ದುರಸ್ತಿಗಾರರಲ್ಲಿಯೂ ನಾನು ಕಾಣುವ ಒಂದು ಕೊರತೆಯೆಂದರೆ, ಟೈಲ್ಸು ಮುಚ್ಚುವುದಕ್ಕೆ ಮೊದಲು ಕೊಳವೆಗಳೂ ಲೇಪವೂ ಇರುವ ರೀತಿಯನ್ನು ಅಳತೆಸಹಿತ ಛಾಯಾಚಿತ್ರ ತೆಗೆದು ಮನೆಯವರಿಗೆ ಒಪ್ಪಿಸದಿರುವುದು. ಗೀಸರಿಗೆ ಮೊಳೆ ಹೊಡೆಯಲು ಮುಂದೆ ಬರುವವನು ಆ ಚಿತ್ರವಿಲ್ಲದಿದ್ದರೆ ಎಲ್ಲಿ ತೂತು ಕೊರೆಯಬಾರದೆಂಬುದನ್ನು ತಿಳಿಯಲಾರನು.