ಮಗು ಯೋಚಿಸುವ ಪಾಠ: ಬೆಂಗಳೂರು ಪ್ರಯೋಗ ಮತ್ತು ನಮ್ಮ ಇಂಗ್ಲಿಷ್ ತರಗತಿ

ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರಿಗೆ ಬರವಣಿಗೆಯ ಕೆಲಸ ಕಡಿಮೆಯೇನಿಲ್ಲ. ವಾರ್ಷಿಕ ಯೋಜನೆ, ಘಟಕ ಯೋಜನೆ, ಪಾಠ ಯೋಜನೆ ಎಲ್ಲವನ್ನೂ ಬರೆಯಬೇಕು, ಉದ್ದೇಶ, ಕಲಿಕಾನುಭವ, ಕಲಿಕೋಪಕರಣ, ಮೌಲ್ಯಮಾಪನ ಎಂಬ ಕಾಲಂಗಳನ್ನು ತುಂಬಬೇಕು, ಮುಖ್ಯ ಶಿಕ್ಷಕರ ಸಹಿ ಹಾಕಿಸಬೇಕು. ಇಷ್ಟಾದರೂ ಹತ್ತನೇ ತರಗತಿಗೆ ಬಂದ ಎಷ್ಟೋ ಮಕ್ಕಳು ಒಂದು ರಜಾ ಅರ್ಜಿಯನ್ನು ಬಾಯಿಪಾಠ ಮಾಡದೆ ಇಂಗ್ಲಿಷಿನಲ್ಲಿ ಬರೆಯಲಾರರು. ಮೇಷ್ಟ್ರಿಗೆ ಆಸಕ್ತಿಯಿಲ್ಲ ಎಂದು ಕೆಲವರು ಹೇಳುತ್ತಾರೆ, ಹಳ್ಳಿಯಲ್ಲಿ ವಾತಾವರಣವಿಲ್ಲ ಎಂದು ಇನ್ನು ಕೆಲವರು. ದೋಷ ಇರುವುದು ಪಾಠ ಯೋಜನೆಯ ನಮ್ಮ ಪರಂಪರೆಯಲ್ಲೇ ಎಂಬುದು ನನ್ನ ವಾದ. ತರಗತಿಯಲ್ಲಿ ಮೇಷ್ಟ್ರು ಏನು ಮಾಡುತ್ತಾರೆ ಎಂದು ಅದು ವಿಚಾರಿಸುತ್ತ ಬಂದಿದೆ. ಅಷ್ಟು ಹೊತ್ತೂ ಮಗುವಿನ ತಲೆಗೆ ಏನು ಕೆಲಸ ಎಂದು ವಿಚಾರಿಸಿದ್ದು ಬಹಳ ಕಡಿಮೆ.

ಬಿ.ಎಡ್. ಕಾಲೇಜುಗಳಲ್ಲಿ ಕಲಿಸುತ್ತ ಬಂದ ಪಾಠ ಯೋಜನೆಯ ಮೂಲ ಜರ್ಮನಿಯ ಹರ್ಬಾರ್ಟ್ ಮತ್ತು ಅವನ ಶಿಷ್ಯರು ರೂಪಿಸಿದ ಹಂತಗಳಲ್ಲಿದೆ: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಇತಿಹಾಸವನ್ನೋ ವಿಜ್ಞಾನವನ್ನೋ ಕಲಿಸಲು ಈ ಹಂತಗಳು ಸಲ್ಲುತ್ತವೆ. ಭಾಷೆಯ ವಿಷಯದಲ್ಲಿ ಮಾತು ಹಾಗಲ್ಲ. ಮಗು ಭೂತಕಾಲದ ನಿಯಮವನ್ನು ತಪ್ಪಿಲ್ಲದೆ ಹೇಳಬಹುದು. ನಿನ್ನೆ ಸಂತೆಯಲ್ಲಿ ಏನಾಯಿತು ಎಂದು ಕೇಳಿದರೆ ಬಾಯಿ ಬಿಡದಿರಬಹುದು.

ಸ್ವಾತಂತ್ರ್ಯದ ನಂತರ ಬಂದ ವಾಕ್ಯರಚನಾ ಪದ್ಧತಿ ಈ ಕೊರತೆಯನ್ನು ತುಂಬಲು ಹೊರಟಿತು. ಹೆರಾಲ್ಡ್ ಪಾಮರ್, ಎ.ಎಸ್. ಹಾರ್ನ್‌ಬಿ ಅವರ ಕೆಲಸದಿಂದ ಬೆಳೆದ ಈ ಮಾರ್ಗಕ್ಕೆ 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಬಲ ಕೊಟ್ಟಿತು. ನಮ್ಮ ವಿ.ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿ, ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡತೊಡಗಿತು. ವಾಕ್ಯಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ದಿನಕ್ಕೆ ಒಂದೆರಡರಂತೆ ಅಭ್ಯಾಸ ಮಾಡಿಸುವ ಕ್ರಮ ಇದು. ಇದರ ಉಪಕಾರವನ್ನು ಮರೆಯುವಂತಿಲ್ಲ. ತಾನೇ ಇಂಗ್ಲಿಷಿನಲ್ಲಿ ಅಳುಕುತ್ತಿದ್ದ ಹಳ್ಳಿಯ ಶಿಕ್ಷಕ ಧೈರ್ಯವಾಗಿ ತರಗತಿಗೆ ಹೋಗುವಂತೆ ಮಾಡಿದ್ದು ಈ ಪದ್ಧತಿ. ನಾಳೆ ಏನು ಕಲಿಸಬೇಕೆಂಬುದು ಅವನಿಗೆ ಗೊತ್ತಿತ್ತು.

ಆದರೆ ಅಲ್ಲಿನ ಮಾತಿಗೆ ಉದ್ದೇಶವೇ ಇರಲಿಲ್ಲ. ಪೆನ್ನು ಎತ್ತಿ ಹಿಡಿದು 'ದಿಸ್ ಈಸ್ ಎ ಪೆನ್' ಎಂದು ಇಡೀ ತರಗತಿ ಕೂಗಿದಾಗ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ಅದು ಪೆನ್ನೆಂದು ಎಲ್ಲರಿಗೂ ಮೊದಲೇ ಗೊತ್ತು. ಬಾಯಿ ಆಡುತ್ತದೆ, ಬುದ್ಧಿ ಸುಮ್ಮನಿರುತ್ತದೆ.

ಬೆಂಗಳೂರಿನ ಇದೇ ಪ್ರಾದೇಶಿಕ ಸಂಸ್ಥೆಯ ಆವರಣದಿಂದಲೇ ಈ ಪದ್ಧತಿಗೆ ಪ್ರತಿವಾದವೂ ಹೊರಟಿತು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯತ್ನವನ್ನು ಜಗತ್ತು 'ಬೆಂಗಳೂರು ಪ್ರಾಜೆಕ್ಟ್' ಎಂದು ಕರೆಯಿತು. 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ 'ಸೆಕೆಂಡ್ ಲಾಂಗ್ವೇಜ್ ಪೆಡಗಾಜಿ' ಅದರ ಕಥನ. ಟಾಸ್ಕ್ ಆಧಾರಿತ ಬೋಧನೆಯ ಬಗ್ಗೆ ಇಂದು ಎಲ್ಲೇ ಚರ್ಚೆ ನಡೆದರೂ ಪ್ರಭು ಅವರ ಹೆಸರು ಬಂದೇ ಬರುತ್ತದೆ. ಮಗುವಿನ ಗಮನ ಅರ್ಥದ ಮೇಲೆ ನೆಟ್ಟಿದ್ದಾಗ ವ್ಯಾಕರಣ ಒಳಗೊಳಗೇ ಕಟ್ಟಿಕೊಳ್ಳುತ್ತದೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಅವರ ಯೋಜನೆಯಲ್ಲಿ ವಾಕ್ಯರಚನೆಗಳ ಪಟ್ಟಿ ಇರಲಿಲ್ಲ. ಇದ್ದದ್ದು ವೇಳಾಪಟ್ಟಿ, ನಕ್ಷೆ, ಬೆಲೆಪಟ್ಟಿಗಳಿಂದ ಎತ್ತಿದ ಸಮಸ್ಯೆಗಳು, ಅಂದರೆ ಟಾಸ್ಕ್‌ಗಳು. ಮೊದಲು ಇಡೀ ತರಗತಿಯ ಜೊತೆ ಮೇಷ್ಟ್ರು ಒಂದು ಸಮಸ್ಯೆಯನ್ನು ಮಾತಾಡುತ್ತ ಬಿಡಿಸುತ್ತಾರೆ. ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿಯೊಬ್ಬರೂ ತಾವೇ ಬಿಡಿಸಬೇಕು.

ಅಜ್ಜಂಪುರದ ಏಳನೇ ತರಗತಿಗೆ ಇಂಥದ್ದೊಂದು ಪಾಠ ಕಟ್ಟಿ ನೋಡೋಣ. ಹಲಗೆಯ ಮೇಲೆ ಪಾಠಕ್ಕೆಂದೇ ಮಾಡಿಕೊಂಡ ರೈಲು ವೇಳಾಪಟ್ಟಿ: ಬೀರೂರು 8.00, ಅಜ್ಜಂಪುರ 8.25, ಶಿವನಿ 8.40, ಹೊಸದುರ್ಗ ರೋಡ್ 9.00, ಚಿಕ್ಕಜಾಜೂರು 9.40. ಚಿಕ್ಕಜಾಜೂರಿನಿಂದ ವಾಪಸ್ ಗಾಡಿ ಸಂಜೆ 4.00ಕ್ಕೆ. 'ಹೌ ಲಾಂಗ್ ಡಸ್ ಇಟ್ ಟೇಕ್ ಫ್ರಂ ಬೀರೂರು ಟು ಶಿವನಿ?' ಎಂದು ಮೇಷ್ಟ್ರು ಕೇಳುತ್ತಾರೆ. 'ಫಿಫ್ಟೀನ್' ಎನ್ನುತ್ತಾಳೆ ಒಬ್ಬಳು. ತಪ್ಪು ಎಂದು ಕೂರಿಸದೆ 'ಫ್ರಂ ವಿಚ್ ಸ್ಟೇಷನ್?' ಎಂದರೆ ಅವಳು ಮತ್ತೆ ಹಲಗೆ ನೋಡುತ್ತಾಳೆ. ತಾನು ಎಣಿಸಿದ್ದು ಅಜ್ಜಂಪುರದಿಂದ ಎಂದು ಅವಳಿಗೇ ಹೊಳೆಯುತ್ತದೆ. ಆಮೇಲೆ ಒಬ್ಬೊಬ್ಬರೇ ಮಾಡುವ ಲೆಕ್ಕ: ಅಜ್ಜಂಪುರದ ಹೆಂಗಸೊಬ್ಬಳು ಚಿಕ್ಕಜಾಜೂರಿನ ತಂಗಿಯ ಮನೆಯಲ್ಲಿ ಆರು ಗಂಟೆ ಇದ್ದು ಅದೇ ದಿನ ಹಿಂದಿರುಗಬಹುದೇ? ಬರೀ 'ಯೆಸ್' ಎಂದರೆ ಸಾಲದು, ಆರು ಗಂಟೆ ಇಪ್ಪತ್ತು ನಿಮಿಷ ಸಿಗುತ್ತದೆ ಎಂದು ತೋರಿಸಬೇಕು. ಪಕ್ಕದವನೊಡನೆ ಕನ್ನಡದಲ್ಲಿ ವಾದ ಮಾಡಿದರೆ ಅಡ್ಡಿಯಿಲ್ಲ. ಯೋಚನೆ ಕನ್ನಡದಲ್ಲಿ ನಡೆದರೂ ಪ್ರಶ್ನೆ ಅರ್ಥವಾಗಬೇಕಾದದ್ದು ಇಂಗ್ಲಿಷಿನಲ್ಲೇ.

ಇಂಥ ಪಾಠದ ಯೋಜನೆ ಬರೆಯಲು ಅರ್ಧ ಪುಟ ಸಾಕು. ಮಗು ಎಲ್ಲಿ ಎಡವಬಹುದು, ಎಡವಿದಾಗ ಯಾವ ಪ್ರಶ್ನೆ ಕೇಳಬೇಕು ಎಂದು ಊಹಿಸಲು ಮಾತ್ರ ಒಂದು ಸಂಜೆಯೇ ಬೇಕು. ಪ್ರಭು ಇಟ್ಟುಕೊಂಡಿದ್ದ ಅಳತೆಯೂ ಸರಳ: ತರಗತಿಯ ಅರ್ಧದಷ್ಟು ಮಕ್ಕಳು ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಪಾಠದ ಮಟ್ಟ ಸರಿಯಿದೆ. ಅದಕ್ಕಿಂತ ಕಡಿಮೆಯಾದರೆ ನಾಳೆಯದನ್ನು ಸುಲಭ ಮಾಡಿಕೊಳ್ಳಬೇಕು. ಮೌಲ್ಯಮಾಪನದ ಕಾಲಂ ಮಾಡಬೇಕಾಗಿದ್ದ ಕೆಲಸ ಇದೇ.

ಹಾಗೆಂದು ಈ ಪಂಥವನ್ನು ಕಣ್ಣು ಮುಚ್ಚಿ ಒಪ್ಪುವಂತಿಲ್ಲ. 1985ರಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಪ್ರಯೋಗದ ಮಕ್ಕಳು ಟಾಸ್ಕ್ ಪರೀಕ್ಷೆಯಲ್ಲಿ ಮುಂದಿದ್ದರು, ಹಳೆಯ ಪದ್ಧತಿಯ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ. ಎರಡಕ್ಕೂ ಸಮನಾದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳದೇ ಹೆಚ್ಚಾಗಿ ಮೇಲುಗೈಯಾದರೂ ಅವರಿಬ್ಬರ ತೀರ್ಮಾನ ಎಚ್ಚರಿಕೆಯದಾಗಿತ್ತು. ಕಲಿಸಿದವರಲ್ಲಿ ಹಲವರು ಹೊರಗಿನಿಂದ ಬಂದ ಒಳ್ಳೆಯ ತರಬೇತಿಯ ಶಿಕ್ಷಕರು. ಅದೇ ಪಾಠ ಶಾಲೆಯ ಸಾಮಾನ್ಯ ಶಿಕ್ಷಕರ ಕೈಗೆ ಅಷ್ಟು ಸಲೀಸಾಗಿ ಒಗ್ಗಲಿಲ್ಲ. ಪ್ರಭು ಗುಂಪು ಚಟುವಟಿಕೆಯನ್ನು ದೂರವಿಟ್ಟರು. ಮಕ್ಕಳು ತಮ್ಮ ತಮ್ಮಲ್ಲಿ ಹರಕು ಇಂಗ್ಲಿಷ್ ಆಡಿ ಅದನ್ನೇ ರೂಢಿಸಿಕೊಳ್ಳುತ್ತಾರೆ ಎಂಬ ಭಯ ಅವರಿಗಿತ್ತು. ಇದು ನನಗೆ ಒಪ್ಪಿಗೆಯಿಲ್ಲ. ಮೇಷ್ಟ್ರ ಮುಂದೆ ತುಟಿ ಬಿಚ್ಚದ ಹುಡುಗಿ ಮೊದಲ ಇಂಗ್ಲಿಷ್ ವಾಕ್ಯ ಆಡುವುದು ಗೆಳತಿಯ ಹತ್ತಿರವೇ. ವ್ಯಾಕರಣವನ್ನು ಪೂರ್ತಿ ಬಿಟ್ಟದ್ದೂ ಅತಿಯಾಯಿತು. ಮಕ್ಕಳು ಮೇಲಿಂದ ಮೇಲೆ ಮಾಡುವ ತಪ್ಪನ್ನು ಪಾಠದ ಕೊನೆಗೆ ಐದು ನಿಮಿಷ ಹಲಗೆಯ ಮೇಲೆ ತಿದ್ದಿದರೆ ಅರ್ಥಕ್ಕೆ ಧಕ್ಕೆಯಾಗುವುದಿಲ್ಲ.

ಇಷ್ಟಾದರೂ ಈ ವಿಚಾರ ಇಲ್ಲಿ ಬೇರು ಬಿಡದಿರಲು ಅದರ ದೋಷಗಳಿಗಿಂತ ನಮ್ಮ ಅನಾದರವೇ ದೊಡ್ಡ ಕಾರಣ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯನ್ನು ನೋಡಿ. ಅದಕ್ಕೆ ಕಾರ್ಡುಗಳನ್ನು ಮಾಡಿದರು, ಕಲಿಕೆಯ ಏಣಿ ಕಟ್ಟಿದರು, ಶಿಕ್ಷಕರನ್ನು ಕೂರಿಸಿಕೊಂಡು ಚರ್ಚಿಸಿದರು. ಕಾಲಕ್ರಮದಲ್ಲಿ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಆದರೆ 2007-08ರಲ್ಲಿ ಇಂಗ್ಲಿಷನ್ನು ಒಂದನೇ ತರಗತಿಗೇ ತಂದಾಗ ಯಾವ ತರಗತಿಯಿಂದ, ಯಾವ ಮಾಧ್ಯಮದಲ್ಲಿ ಎಂದು ಜಗಳವಾಡಿದೆವು. ಹೇಗೆ ಕಲಿಸಬೇಕು ಎಂಬುದಕ್ಕೆ ಅದರ ಕಾಲುಭಾಗದ ಆಸ್ಥೆಯನ್ನೂ ತೋರಿಸಲಿಲ್ಲ.

ಎಲ್ಲರಿಗೂ ಒಪ್ಪುವ ಶ್ರೇಷ್ಠ ಪದ್ಧತಿ ಎಂಬುದಿಲ್ಲ ಎಂದು 1990ರಲ್ಲಿ ಪ್ರಭು ಅವರೇ ಬರೆದರು. ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಶಿಕ್ಷಕನಲ್ಲಿ ಅನುಭವದಿಂದ ಬೆಳೆದ ನಂಬಿಕೆ ಜೀವಂತವಾಗಿದೆಯೇ ಎಂಬುದು ಅವರಿಗೆ ಮುಖ್ಯವಾಗಿತ್ತು. ನಮ್ಮ ಶಾಲಾ ತಪಾಸಣೆ ಕೊಲ್ಲುತ್ತಿರುವುದು ಈ ನಂಬಿಕೆಯನ್ನೇ. ಪ್ರತಿ ಘಟಕಕ್ಕೂ ಯೋಜನೆಯನ್ನು ನಕಲು ಮಾಡಿ ಬರೆಯುವ ಮೇಷ್ಟ್ರಿಗೆ ತನ್ನ ಮಕ್ಕಳನ್ನು ಕುರಿತು ಯೋಚಿಸಲು ಪುರಸೊತ್ತೆಲ್ಲಿ?

ಶಾಲೆಗೆ ಭೇಟಿ ಕೊಡುವ ಅಧಿಕಾರಿ ಯೋಜನೆಯ ಪುಸ್ತಕ ಕೇಳುವ ಮೊದಲು ಮಕ್ಕಳ ನೋಟ್‌ಬುಕ್ ತೆರೆಯಲಿ. ಕಳೆದ ವಾರ ಎಷ್ಟು ಮಂದಿ ಎಲ್ಲಿ ತಪ್ಪಿದರು, ಅದನ್ನು ನೋಡಿ ಈ ವಾರದ ಪಾಠವನ್ನು ಹೇಗೆ ಬದಲಿಸಿದಿರಿ ಎಂದು ಕೇಳಲಿ. ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆ ಓದುವ ಹೊತ್ತಿನಲ್ಲಿ ಅಜ್ಜಂಪುರದ ಶಿಕ್ಷಕರು ತಮ್ಮ ಊರಿನ ಈರುಳ್ಳಿ ದರ, ಬಸ್ಸು, ರೈಲು, ಸಂತೆಗಳಿಂದ ಪಾಠ ಕಟ್ಟಿ ಪರಸ್ಪರ ಹಂಚಿಕೊಳ್ಳಲಿ. ಇದಕ್ಕೆ ಹೊಸ ಅನುದಾನ ಬೇಡ, ಹೊಸ ಸಂಸ್ಥೆಯೂ ಬೇಡ. ಬರವಣಿಗೆಯ ಹೊರೆ ಇಳಿಸಿ ಶಿಕ್ಷಕರ ಬುದ್ಧಿಯನ್ನು ನಂಬುವ ಒಂದು ಆದೇಶ ಸಾಕು.